ಕಪಾಟಿನ ಬಣ್ಣ ಕೇಳ್ತೀರಿ, ಒಳಗಿನ ಅಂಟು ಯಾವುದು ಅಂತ ಯಾರೂ ಕೇಳೂದಿಲ್ಲ

ಈ ವರ್ಷ ನಮ್ಮ ಬಳಗದಾಗ ಮನಿ ಕಟ್ಟಿಸೋರು, ಫ್ಲ್ಯಾಟ್ ತೊಗೊಳ್ಳೋರು ಸೇರಿ ನಾಲ್ಕು ಮಂದಿ ಅದಾರ. ನಾಲ್ಕೂ ಮಂದಿ ನನಗ ವಾಟ್ಸಾಪಿನ್ಯಾಗ ಫೋಟೋ ಕಳಿಸ್ಯಾರ. "ಕಾಕು, ಅಡಗಿ ಮನಿ ಕಪಾಟಿಗೆ ಈ ಹಸರು ಛಲೋನೋ, ಆ ಕೆನಿ ಬಣ್ಣ ಛಲೋನೋ?" ಅಂತ. ನಾ ಹೇಳೂದು ಇಷ್ಟ: ಬಣ್ಣ ಆಮ್ಯಾಲೆ ನೋಡೂಣು, ಮೊದಲ ಆ ಹಲಗಿ ಯಾವ ಅಂಟಿನಿಂದ ಕೂಡಿಸಿದ್ದು ಅಂತ ಕೇಳ್ಕೊಂಡ ಬರ್ರಿ. ಎಲ್ಲಾರೂ ನಗ್ತಾರ. ನಗಲಿ. ನಾ ಇವತ್ತ ಅದನ್ನ ಸ್ವಲ್ಪ ಬಿಡಿಸಿ ಬರೀಬೇಕಂತ ಕೂತೀನಿ.

ಈಗ ಮನ್ಯಾಗ ಕಟಗಿ ಅಂತ ನಾವು ಅನ್ನೋದು ಬಹಳಷ್ಟು ಕಟಗಿನ ಅಲ್ಲ. ಶೇಂಗಾ ಉಂಡಿ ಕಟ್ತೀವಲ್ಲ, ಹಂಗ ಅದು. ಶೇಂಗಾ ಅಂದ್ರ ಕಟಗಿ ಚೂರು, ಬೆಲ್ಲದ ಪಾಕ ಅಂದ್ರ ಅಂಟು. ಚೂರಿಗೆ ಅಂಟು ಕಲಿಸಿ, ಬಿಸಿ ಮಾಡಿ, ಜೋರಾಗಿ ಒತ್ತಿದ್ರ ಪಾರ್ಟಿಕಲ್ ಬೋರ್ಡ್. ಚೂರನ್ನ ಇನ್ನೂ ಸಣ್ಣಗೆ ಅರದು ನಾರು ಮಾಡಿ ಒತ್ತಿದ್ರ ಎಂಡಿಎಫ್. ಮರದ ದಿಮ್ಮಿಯನ್ನ ತಿರುವಿ ತಿರುವಿ ಹಾಳಿ ಹಂಗ ಸುಲದು, ಒಂದರ ನಾರು ಉದ್ದಕ್ಕ, ಇನ್ನೊಂದರ ನಾರು ಅಡ್ಡಕ್ಕ ಇಟ್ಟು, ನಡುವ ಅಂಟು ಹಚ್ಚಿ ಒತ್ತಿದ್ರ ಪ್ಲೈವುಡ್. ಇದು ಚಿರೋಟಿ ಪದರು ಇದ್ದಂಗ. ಮೂರರಾಗೂ ಕಟಗಿ ಪಾಪ ನಿರುಪದ್ರವಿ. ಎಲ್ಲಾ ಗುಣ, ಎಲ್ಲಾ ಅವಗುಣ ಪಾಕದ್ದು.

ಆ ಪಾಕ ಯಾವುದು? ಅಗ್ಗದ ಹಲಗಿಗೆ ಹೆಚ್ಚಾಗಿ ಹಾಕೋದು ಯೂರಿಯಾ ಫಾರ್ಮಾಲ್ಡಿಹೈಡ್. ಯೂರಿಯಾ ಅಂದ್ರ ನಮ್ಮ ರೈತರು ಹೊಲಕ್ಕ ಹಾಕೋ ಅದ ಯೂರಿಯಾ. ಫಾರ್ಮಾಲ್ಡಿಹೈಡ್ ಅಂದ್ರ ಪಿಯುಸಿದಾಗ ಸೈನ್ಸ್ ತೊಗೊಂಡವ್ರಿಗೆ ನೆನಪಿರಬೇಕು, ಲ್ಯಾಬಿನ್ಯಾಗ ಕಪ್ಪಿ, ಹಾವು ಹಾಕಿಟ್ಟ ಗಾಜಿನ ಭರಣಿ. ಮುಚ್ಚಳ ಸರಿಸಿದ್ರ ಕಣ್ಣಾಗ ನೀರು ಬರ್ತಿತ್ತಲ್ಲ, ಆ ಫಾರ್ಮಲಿನ್ ಇದರದ್ದ ನೀರು. ಎರಡನ್ನೂ ಕೂಡಿಸಿದ್ರ ಭಾಳ ಅಗ್ಗದ, ಬಣ್ಣ ಇಲ್ಲದ, ಲಗೂನ ಗಟ್ಟಿ ಆಗೋ ಅಂಟು ಬರ್ತದ. ಕಾರ್ಖಾನಿಯವ್ರಿಗೆ ಇನ್ನೇನು ಬೇಕು? ಅದರಾಗ ಮೈದಾ ಹಿಟ್ಟು ಸುದ್ಧಾ ಕಲಸ್ತಾರ, ಅಂಟು ದಪ್ಪ ಆಗ್ಲಿ, ಖರ್ಚು ಕಡಿಮಿ ಆಗ್ಲಿ ಅಂತ. (ನಮ್ಮ ನೆಗೆಣ್ಣಿ ಇದನ್ನ ಕೇಳಿ, "ಹಂಗಾದ್ರ ಗೆದ್ದಲಿಗೆ ಹಬ್ಬದೂಟ" ಅಂದ್ಲು.)

ತೊಂದ್ರಿ ಎಲ್ಲಿ ಅಂದ್ರ, ಈ ಅಂಟಿನ ಕೂಡಿಕಿ ಖಾಯಂ ಅಲ್ಲ. ಮಳಿಗಾಲದಾಗ ಬೆಲ್ಲದ ಉಂಡಿ ಹೆಂಗ ಜಿನುಗ್ತದ, ಹಂಗ ಇದೂ ಸೆಕಿ, ತೇವ ತಾಗಿದ್ರ ಸ್ವಲ್ಪ ಸ್ವಲ್ಪ ಬಿಟ್ಟುಕೊಡ್ತದ. ಹಂಗ ಬಿಟ್ಟಾಗ ಫಾರ್ಮಾಲ್ಡಿಹೈಡ್ ಗಾಳಿ ಆಗಿ ಹೊರಗ ಬರ್ತದ. ಹಲಗಿ ಹೊಸದಿದ್ದಾಗ ಹೆಚ್ಚು, ತಿಂಗಳು, ವರ್ಷ ಕಳದಂಗ ಕಡಿಮಿ. ಕಣ್ಣು ಉರಿ, ಗಂಟಲ ಕೆರತ, ದಮ್ಮು ಇದ್ದವ್ರಿಗೆ ಉಸಿರಿನ ತ್ರಾಸ, ಇವು ಮನ್ಯಾಗ ಕಾಣೋ ಲಕ್ಷಣ. ವಿಶ್ವ ಆರೋಗ್ಯ ಸಂಸ್ಥೆಯವ್ರು ಮನಿಯೊಳಗಿನ ಗಾಳಿಯ ಒಂದು ಘನ ಮೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಅಂತ ಹೇಳ್ಯಾರ. ಅವರದ್ದ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಾಗ ಇದನ್ನ ಮನುಷ್ಯಾರಿಗೆ ಕ್ಯಾನ್ಸರ್ ತರೋ ವಸ್ತು ಅಂತ ಪಟ್ಟಿಗೆ ಸೇರಿಸ್ಯದ. ಕ್ಯಾನ್ಸರ್ ಅಂದ ಕೂಡ್ಲೆ ಗಾಬರಿ ಆಗಬ್ಯಾಡ್ರಿ, ಅದಕ್ಕ ದೊಡ್ಡ ಆಧಾರ ಕಾರ್ಖಾನಿದಾಗ ವರ್ಷಗಟ್ಟಲೆ ಇದರ ನಡುವ ಕೆಲಸ ಮಾಡಿದವ್ರದ್ದು. ಆದ್ರ ಆ ಕಾರ್ಖಾನಿದಾಗ ದುಡಿಯೋರೂ ಯಾರದೋ ಮಕ್ಕಳ ಅಲ್ಲೇನು. ಮುಚ್ಚಿದ ಖೋಲಿದಾಗ ದಿನಾ ಎಂಡಿಎಫ್ ಕೊಯ್ಯೋ ಬಡಿಗ್ಯಾರ ಹುಡುಗನೂ ಹಂಗ.

ನಮ್ಮ ಅಕ್ಕನ ಸೊಸಿ ಬೆಂಗಳೂರಿನ್ಯಾಗ ಹೊಸಾ ಫ್ಲ್ಯಾಟಿಗೆ ಹೋದಾಗ ಕೂಸಿಗೆ ಎಂಟು ತಿಂಗಳು. ಮಲಗೋ ಖೋಲಿದಾಗ ಗ್ವಾಡಿ ತುಂಬ ಕಪಾಟು, ಕೂಸಿನ ತೊಟ್ಟಿಲ ಅದರ ಬಾಜೂಕ. ಧೂಳು, ಸೊಳ್ಳಿ ಅಂತ ಕಿಡಕಿ ಯಾವಾಗ್ಲೂ ಬಂದ್. ಕೂಸಿನ ಕಣ್ಣು ಕೆಂಪಾಗೋದು, ರಾತ್ರಿ ಕೆಮ್ಮೋದು ಶುರು ಆತು. ಮಾಡಿಕೊಟ್ಟ ಅಂಗಡಿಯವ್ರಿಗೆ ಫೋನ್ ಮಾಡಿದ್ರ, "ಹೊಸಾದ್ರ ವಾಸನಿ ಮೇಡಂ, ಕರ್ಪೂರ ಇಡ್ರಿ" ಅಂದ್ರು. ಪೇಂಟಿಂದೂ ಇತ್ತು, ಥಿನ್ನರಿಂದೂ ಇತ್ತು, ಎಲ್ಲಾ ಹಲಗಿದ್ದ ಅಂತ ನಾ ಹೇಳೂದಿಲ್ಲ. ಆದ್ರ ಒಂದ ತಿಂಗಳಾದ್ರೂ ಕಪಾಟಿನ ಬಾಗಲಾ ತೆಗದು ಮುಖ ಒಳಗ ಹಾಕಿದ್ರ ಆ ಕಪ್ಪಿ ಭರಣಿ ನೆನಪಾಗ್ತಿತ್ತು. ತೊಟ್ಟಿಲ ಬ್ಯಾರೆ ಖೋಲಿಗೆ ಹಾಕಿ, ಕಿಡಕಿ ತೆರದು ಇಟ್ಟ ಮ್ಯಾಲೆ ಕೂಸು ನೆಟ್ಟಗಾತು. ಕರ್ಪೂರ ಇಟ್ರ ಒಂದು ನಾತದ ಮ್ಯಾಲೆ ಇನ್ನೊಂದು ನಾತ ಅಷ್ಟ, ಗಾಳಿ ಸ್ವಚ್ಛ ಆಗೂದಿಲ್ಲ.

ಇದು ನಮ್ಮೊಬ್ಬರ ಮನಿ ಕತಿ ಅಲ್ಲ. ಅಮೆರಿಕಾದಾಗ 2005ರಾಗ ಕತ್ರಿನಾ ಚಂಡಮಾರುತ ಬಂದು ಮನಿ ಕಳಕೊಂಡವ್ರಿಗೆ ಸರಕಾರದವ್ರು ಗಾಲಿ ಇದ್ದ ಟ್ರೇಲರ್ ಮನಿ ಕೊಟ್ರು. ಎಲ್ಲಾ ತೆಳು ಪ್ಲೈವುಡ್, ಪಾರ್ಟಿಕಲ್ ಬೋರ್ಡ್. ಲೂಯಿಸಿಯಾನಾದ ಸೆಕಿ, ತೇವ ನಮ್ಮ ಮಂಗಳೂರಿನಂಗ. ಒಳಗಿದ್ದ ಮಂದಿಗೆ ಕಣ್ಣುರಿ, ಮೂಗಿನ್ಯಾಗ ರಕ್ತ, ಉಸಿರಿನ ತ್ರಾಸ. ಅವ್ರು ಕೂಗಾಡಿ ಕೂಗಾಡಿ, ಕಡೀಗೆ 2007ರ ಡಿಸೆಂಬರಿನಿಂದ 2008ರ ಜನವರಿತನಕ ಅಲ್ಲಿನ ಆರೋಗ್ಯ ಇಲಾಖೆಯವ್ರು 519 ಟ್ರೇಲರ್ ಪರೀಕ್ಷಾ ಮಾಡಿದ್ರು. ಸರಾಸರಿ 77 ಪಿಪಿಬಿ ಬಂತು, ಒಂದೊಂದರಾಗ 590 ತನಕ ಹೋಗಿತ್ತು. 2010ರಾಗ ಹಲಗಿಯಿಂದ ಇಷ್ಟಕ್ಕಿಂತ ಹೆಚ್ಚು ಬರಬಾರದು ಅಂತ ದೇಶಕ್ಕೆಲ್ಲಾ ಕಾಯದೆ ಆತು. ಕ್ಯಾಲಿಫೋರ್ನಿಯಾದವ್ರು ಅದಕ್ಕಿಂತ ಮೊದಲ ಮಾಡಿದ್ರು. ಕೇಳೋ ಮಂದಿ ಇದ್ದಲ್ಲೆ ಕಂಪನಿಯವ್ರು ಬ್ಯಾರೆ ಅಂಟು ಹುಡುಕ್ತಾರ, ಇದನ್ನ ನೆನಪಿಡ್ರಿ.

ಹಂಗಾದ್ರ ಬ್ಯಾರೆ ಅಂಟು ಅದಾವೇನು ಅಂತ ನೀವು ಕೇಳ್ತೀರಿ. ಅದಾವ, ಮತ್ತ ಅವು ಹೊಸಾವೂ ಅಲ್ಲ. ನಮ್ಮ ಅಜ್ಜನ ಕಾಲದ ಬಡಿಗ್ಯಾರು ಸರೇಸು ಕುದಿಸಿ ಹಚ್ಚತಿದ್ರು, ಅದು ದನದ ಚರ್ಮ, ಎಲುಬಿಂದು, ಅದಕ್ಕ ನಮ್ಮಜ್ಜಿ ಅಡಗಿ ಮನಿ ಕಡೆ ಬರಗೊಡತಿರಲಿಲ್ಲ. ಕೊಪ್ಪಳದ ಹತ್ರ ಕಿನ್ನಾಳ ಅಂತ ಊರದ, ಅಲ್ಲಿನ ಬಣ್ಣದ ಗೊಂಬಿ ನಿಮ್ಮ ಮನ್ಯಾಗೂ ಇರಬೇಕು. ಆ ಚಿತ್ರಗಾರರು ಕಟಗಿ ತುಂಡು ಜೋಡಿಸೋದು ಹುಣಸಿ ಬೀಜದ ಅಂಟಿನಿಂದ. ಹಳೇ ಗೋಣಿ ತಟ್ಟು ನೆನಸಿ, ಒಣಗಿಸಿ, ಪುಡಿ ಮಾಡಿ, ಅದಕ್ಕ ಕಟಗಿ ಪುಡಿ, ಹುಣಸಿ ಬೀಜದ ಅಂಟು ಕಲಸಿ ಕಿಟ್ಟ ಅಂತ ಮಾಡ್ತಾರ. ಅದರಿಂದ ಗೊಂಬಿಯ ಆಭರಣ, ಮೈಯ ಉಬ್ಬು ತಗ್ಗು ತಿದ್ದತಾರ. ಕಟಗಿ ಪುಡಿ ಮತ್ತ ಬೀಜದ ಅಂಟು ಅಂದ್ರ ಅದು ಪಾರ್ಟಿಕಲ್ ಬೋರ್ಡಿನ ಅಜ್ಜಿನ ಅಲ್ಲೇನ್ರಿ? ಕಾರ್ಖಾನಿ ಇಲ್ಲ, ಫಾರ್ಮಲಿನ್ನೂ ಇಲ್ಲ.

ಕಾರ್ಖಾನಿ ಮಟ್ಟದಾಗೂ ಇತ್ತು. 1920ರ ದಶಕದಾಗ ಅಮೆರಿಕಾದ ಸಿಯಾಟಲ್ ಕಡೆ ಸೋಯಾ ಹಿಂಡಿಯಿಂದ ಪ್ಲೈವುಡ್ ಅಂಟು ಮಾಡಿ ವರ್ಷಾನುಗಟ್ಟಲೆ ಮಾರ್ಯಾರ. ಅದರ ದೋಷ ಏನಂದ್ರ ನೀರು ತಾಗಿದ್ರ ಪದರು ಬಿಚ್ಚಿಕೊಳ್ಳೋದು, ತೇವದಾಗ ಬೂಜು ಹಿಡಿಯೋದು. ಎರಡನೇ ಮಹಾಯುದ್ಧ ಆದ ಮ್ಯಾಲೆ ಪೆಟ್ರೋಲಿಯಂ, ಗ್ಯಾಸಿನಿಂದ ಬಂದ ಅಗ್ಗದ ಅಂಟು ಎಲ್ಲಾ ಕಡೆ ತುಂಬಿಕೊಂಡ್ವು, ಸೋಯಾ ಅಂಟನ್ನ ಮಂದಿ ಮರತರು.

ಮತ್ತ ಅದನ್ನ ಎಬ್ಬಿಸಿದ ಕತಿ ನನಗ ಭಾಳ ಸೇರ್ತದ. ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕೈಚಾಂಗ್ ಲೀ ಅನ್ನೋ ಪ್ರೊಫೆಸರ್ ಸಮುದ್ರದ ದಂಡಿಗೆ ಹೋದಾಗ, ಅಷ್ಟು ದೊಡ್ಡ ತೆರಿ ಬಡೀತಿದ್ರೂ ಕಲ್ಲಿಗೆ ಅಂಟಿಕೊಂಡ ಚಿಪ್ಪಿ ಅಲುಗಾಡ್ಲಾರದ ಕೂತಿದ್ದು ನೋಡಿದ್ರು. ನೀರಿನ್ಯಾಗ ಇದ್ದೂ ಬಿಡದ ಅಂಟು! ಅದು ಪ್ರೋಟೀನು. ಸೋಯಾದಾಗೂ ಪ್ರೋಟೀನ್ ಅದ, ಅಗ್ಗದ್ದದ, ಅದನ್ನ ಚಿಪ್ಪಿ ಅಂಟಿನಂಗ ತಿದ್ದಿದ್ರ ಹೆಂಗ ಅಂತ ವಿಚಾರ ಮಾಡಿದ್ರು. ಕೊಲಂಬಿಯಾ ಫಾರೆಸ್ಟ್ ಪ್ರಾಡಕ್ಟ್ಸ್ ಅನ್ನೋ ಪ್ಲೈವುಡ್ ಕಂಪನಿ 2005ರಿಂದ ಆ ಅಂಟು ಹಾಕಿ ಪ್ಲೈವುಡ್ ಮಾಡ್ಲಿಕ್ಕೆ ಹತ್ತಿತು. ಯೂರಿಯಾ ಅಂಟು ತೆಗೆದ ಹಾಕಿ ಇದನ್ನ ತಂದ್ರು, ಮತ್ತ ಬೆಲಿನೂ ಜಿಗೀಲಿಲ್ಲ. 2007ರಾಗ ಅವ್ರಿಗೆ ಅಮೆರಿಕಾ ಸರಕಾರದ ಹಸಿರು ರಸಾಯನಶಾಸ್ತ್ರದ ಪ್ರಶಸ್ತಿ ಬಂತು.

ಈಗ ನಮ್ಮ ಕಡೆ ನೋಡ್ರಿ. ಕಲಘಟಗಿ, ಬೈಲಹೊಂಗಲ, ಬೀದರ, ಎಲ್ಲಾ ಕಡೆ ಮುಂಗಾರಿಗೆ ಸೋಯಾ. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದವ್ರು ಅದರ ತಳಿ ಸುದ್ಧಾ ತಂದಾರ. ಬೆಲಿ ಬಿದ್ದಾಗ ರೈತರು ಬೆಂಬಲ ಬೆಲಿ ಸಲುವಾಗಿ ಹೊಡದಾಡೋದು ಪೇಪರಿನ್ಯಾಗ ಓದ್ತೀವಿ. ತಿನ್ನೋ ಕಾಳನ್ನ ಅಂಟು ಮಾಡ್ತೀರೇನು, ಪಾಪ ಅಲ್ಲೇನು ಅಂತ ನಮ್ಮ ಮೌಶಿ ಕೇಳಿದ್ರು. ಕೇಳೋದು ಬರೋಬರಿನ. ಆದ್ರ ಅಂಟಿಗೆ ಹೋಗೋದು ಎಣ್ಣಿ ತೆಗೆದು ಉಳಿದ ಹಿಂಡಿ. ಎಣ್ಣಿ ನಮ್ಮ ಒಲಿಗೆ ಬರ್ತದ, ಹಿಂಡಿ ಕೋಳಿಗೆ, ದನಕ್ಕ ಹೋಗ್ತದ, ಅದರಾಗ ಒಂದು ಪಾಲು ಅಂಟಿಗೆ ಹೋದ್ರ ರೈತನಿಗೆ ಇನ್ನೊಬ್ಬ ಗಿರಾಕಿ ಸಿಗ್ತಾನ. ನನಗ ಇದರಾಗ ಪಾಪ ಕಾಣೂದಿಲ್ಲ. ಒಂದು ಮಾತು ಮುಚ್ಚಿಡಬಾರದು, ಸೋಯಾ ಒಂದರಿಂದ ನೀರು ತಡಿಯೂದಿಲ್ಲ, ಅದಕ್ಕ ಗಟ್ಟಿ ಮಾಡ್ಲಿಕ್ಕೆ ಒಂದು ರಾಸಾಯನಿಕ ಹಾಕ್ತಾರ, ಅದು ಬೀಜದಿಂದ ಬಂದದ್ದಲ್ಲ. ಫಾರ್ಮಾಲ್ಡಿಹೈಡ್ ಅಂತೂ ಹಾಕೂದಿಲ್ಲ. ಪೂರ್ತಿ ಶೂನ್ಯ ಅಂತನೂ ಅಲ್ಲ, ಯಾಕಂದ್ರ ಕಟಗಿ ಸ್ವಂತಕ್ಕ ಒಂದು ಚೂರು ಬಿಡ್ತದ.

ಇಲ್ಲೆ ನಾವು ಹೆಣ್ಮಕ್ಕಳು ಶಾಣ್ಯಾ ಆಗಬೇಕಾದ ಒಂದು ಜಾಗಾ ಅದ. "ಬಯೋ", "ಗ್ರೀನ್" ಅಂತ ಬರೆದದ್ದೆಲ್ಲಾ ಒಂದ ಅಲ್ಲ. ಕಟಗಿಯೊಳಗ ನಾರನ್ನ ಹಿಡಿದಿಟ್ಟ ಅಂಟು ಒಂದದ, ಲಿಗ್ನಿನ್ ಅಂತ, ದೇವರು ಮಾಡಿದ ಪಾಕ ಅದು. ಕಾಗದ ಮಾಡುವಾಗ ಅದನ್ನ ಕುದಿಸಿ ತೆಗೀತಾರ, ಯಾಕಂದ್ರ ಅದು ಇದ್ರ ಕಾಗದ ಹಳದಿ ಆಗ್ತದ. ತೆಗೆದ ಕಪ್ಪು ನೀರನ್ನ ಕಾಗದದ ಕಾರ್ಖಾನಿಗಳು ಗಟ್ಟಿ ಮಾಡಿ ಬಾಯ್ಲರಿಗೆ ಹಾಕಿ ಸುಡ್ತಾವ. ಫಿನ್ಲಂಡಿನ ಯುಪಿಎಂ ಕಂಪನಿ ಅದನ್ನ ಪ್ಲೈವುಡ್ ಅಂಟಿಗೆ ಹಾಕ್ತದ, ಪೆಟ್ರೋಲಿಯಂನಿಂದ ಬರೋ ಫೀನಾಲಿನ ಅರ್ಧದಷ್ಟು ತೆಗೆದು ಆ ಜಾಗಾಕ್ಕ ಲಿಗ್ನಿನ್. ಛಲೋ ಕೆಲಸ, ಆದ್ರ ಲಕ್ಷ್ಯ ಕೊಡ್ರಿ, ಅಲ್ಲೆ ಹೋದದ್ದು ಫೀನಾಲು, ಫಾರ್ಮಾಲ್ಡಿಹೈಡ್ ಅಲ್ಲ. ಫೀನಾಲಿನ ಅಂಟು ಯೂರಿಯಾ ಅಂಟಿಗಿಂತ ಗಟ್ಟಿ ಇರೋದ್ರಿಂದ ಗಾಳಿ ಭಾಳ ಕಡಿಮಿ ಬಿಡ್ತದ, ಅದು ಖರೆ. ಹಂಗಂತ "ಕಟಗಿ ಅಂಟು, ರಾಸಾಯನಿಕ ಇಲ್ಲ" ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ.

ಗೋಡಂಬಿ ಸಿಪ್ಪಿ ಎಣ್ಣಿದೂ ಇದ ಕತಿ. ಗೋಡಂಬಿ ಬೀಜದ ಸಿಪ್ಪಿ ಒಳಗ ಒಂದು ಕಂದು ಬಣ್ಣದ ಎಣ್ಣಿ ಇರ್ತದ, ಮುಟ್ಟಿದ್ರ ಚರ್ಮ ಸುಡ್ತದ. ಮಂಗಳೂರು, ಕುಂದಾಪುರ, ಕಾರ್ಕಳದ ಕಡೆ ಗೋಡಂಬಿ ಕಾರ್ಖಾನಿದಾಗ ಬೀಜ ಒಡಿಯೋರು ಹೆಣ್ಮಕ್ಕಳು, ಅವ್ರ ಬೆರಳು ಕಪ್ಪಾಗಿ ಸುಲದಿರ್ತಾವ. ಆ ಎಣ್ಣಿಯನ್ನ ಕಾಸಿದ್ರ ಕಾರ್ಡನಾಲ್ ಬರ್ತದ, ಫೀನಾಲಿನ ತಂಗಿ ಇದ್ದಂಗ. ಗಾಡಿ ಬ್ರೇಕಿಗೆ, ಬಣ್ಣಕ್ಕ ಹೋಗ್ತದ. ಅದನ್ನ ಪ್ಲೈವುಡ್ ಅಂಟಿಗೆ ಹಾಕೋ ಬಗ್ಗೆ ಬೆಂಗಳೂರಿನ ತುಮಕೂರು ರಸ್ತೆದಾಗಿನ ಪ್ಲೈವುಡ್ ಸಂಶೋಧನಾ ಸಂಸ್ಥೆಯವ್ರು ಕೆಲಸ ಮಾಡ್ಯಾರ, ಬಿದಿರು ಚಾಪಿಯಿಂದ ಹಲಗಿ ಮಾಡೋದೂ ಅವ್ರದ್ದ. ನಮ್ಮ ನೆಲದ ಸಿಪ್ಪಿ, ನಮ್ಮ ನೆಲದ ಸಂಶೋಧನಾ, ಆದ್ರ ನಮ್ಮೂರ ಅಂಗಡಿದಾಗ ಕೇಳಿದ್ರ ಹೆಸರೂ ಕೇಳಿಲ್ಲ. ಇದು ನನಗ ಸಿಟ್ಟು ತರ್ತದ. ಮತ್ತ ಇನ್ನೊಂದು, ಆ ಎಣ್ಣಿಗೆ ಬೆಲಿ ಬಂದು ನಮ್ಮ ಕಪಾಟು "ಹಸಿರು" ಆದ ಮ್ಯಾಲೂ ಬೀಜ ಒಡಿಯೋಕಿ ಬೆರಳು ಸುಡೋದು ಹಂಗ ಇದ್ರ ಆ ಹಸಿರಿಗೆ ನಾ ಒಪ್ಪೂದಿಲ್ಲ. ಮೊದಲ ಆಕಿಗೆ ಕೈಗವಸು, ಆಮ್ಯಾಲೆ ನಮಗ ಕಪಾಟು.

ತೊಗಟಿದು ಬ್ಯಾರೆ ಅದ. ಚಹಾ ಕಪ್ಪಿನ ತಳಕ್ಕ ಕಂದು ಕಲೆ ಕೂಡ್ತದಲ್ಲ, ಅಳಲಿಕಾಯಿ ನಾಲಿಗಿ ಒಗರು ಮಾಡ್ತದಲ್ಲ, ಆ ಟ್ಯಾನಿನ್ ಅಕೇಶಿಯಾ ಜಾತಿ ಮರದ ತೊಗಟಿದಾಗ ತುಂಬಿರ್ತದ. ದಕ್ಷಿಣ ಆಫ್ರಿಕಾದವ್ರು 1970ರ ದಶಕದಿಂದ ವಾಟಲ್ ಮರದ ತೊಗಟಿ ಟ್ಯಾನಿನ್‌ನಿಂದ ಪಾರ್ಟಿಕಲ್ ಬೋರ್ಡ್ ಮಾಡ್ತಾರ. ಗೊಂಬಿ ಹುಣಸಿ ಬೀಜ ಒಂದ ಕಡೆ, ಅಷ್ಟು ದೊಡ್ಡ ಕಾರ್ಖಾನಿ ಇನ್ನೊಂದ ಕಡೆ, ಎರಡೂ ನಡೀತಾವ ಅಂದ ಮ್ಯಾಲೆ "ಆಗೂದಿಲ್ಲ" ಅನ್ನೋ ಮಾತು ಎಲ್ಲಿಂದ ಬಂತು?

"ಇದೆಲ್ಲಾ ಉಸಾಬರಿ ಯಾಕ, ಸಾಗವಾನಿ ಕಟಗಿ ಹಾಕಿಸಿದ್ರ ಮುಗೀತು" ಅಂತ ಹಿರೇರು ಹೇಳ್ತಾರ. ನಮ್ಮ ಅತ್ತಿಯವ್ರ ಕಾಲದ ಸಾಗವಾನಿ ಕಪಾಟು ಇನ್ನೂ ಗಟ್ಟಿ ಅದ, ನನಗೂ ಅದು ಹೆಮ್ಮಿ. ಆದ್ರ ಎಲ್ಲಾರಿಗೂ ಸಾಗವಾನಿ ಅಂದ್ರ ದಾಂಡೇಲಿ ಅಡವಿ ಉಳೀತದೇನು? ರೊಕ್ಕ ಅಂತೂ ಕೇಳೂದ ಬ್ಯಾಡ. ರೈತರು ಹೊಲದ ಬದುವಿಗೆ ಬೆಳೆದ ನೀಲಗಿರಿ, ಸಿಲ್ವರ್ ಓಕ್, ಕೇರಳದವ್ರು ಹಾಲು ತೆಗೆದು ಮುಗಿಸಿದ ರಬ್ಬರ್ ಮರ, ಕೊಯ್ದು ಉಳಿದ ಚೂರು, ಇವನ್ನ ಕೂಡಿಸಿ ಹಲಗಿ ಮಾಡೋದು ಶಾಣ್ಯಾತನದ ಕೆಲಸ. ಹಲಗಿ ಮ್ಯಾಲೆ ನನಗ ಜಗಳ ಇಲ್ಲ, ಅಂಟಿನ ಮ್ಯಾಲೆ ಅಷ್ಟ.

ಈಗ ಅಂಗಡಿಗೆ ಹೋಗೋರಿಗೆ. ಬಡಿಗ್ಯಾರು ಮೈಕಾ ಅಂಟಸೋ ಬಿಳೇ ಫೆವಿಕಾಲ್ ಬ್ಯಾರೆ, ಹಲಗಿ ಒಳಗಿನ ಅಂಟು ಬ್ಯಾರೆ. "ನಾವು ಛಲೋ ಫೆವಿಕಾಲ್ ಹಾಕ್ತೀವ್ರಿ" ಅಂದ್ರ ನಿಮ್ಮ ಪ್ರಶ್ನಿಗೆ ಉತ್ತರ ಬಂದಿಲ್ಲ ಅಂತ ತಿಳೀರಿ. ಹಲಗಿಗೆ ಇ1 ಅಥವಾ ಇ0 ಅಂತ ಬರೆದದೇನು ಕೇಳ್ರಿ, ಅದು ಫಾರ್ಮಾಲ್ಡಿಹೈಡ್ ಎಷ್ಟು ಬಿಡ್ತದ ಅನ್ನೋ ಗುರುತು, ಇ0 ಇನ್ನೂ ಕಡಿಮಿ. ಬರೆ "ಐಎಸ್‌ಐ ಅದ" ಅಂದ್ರ ಒಪ್ಪಿಕೊಂಡು ಸುಮ್ಮನಾಗಬ್ಯಾಡ್ರಿ. ಎಮ್‌ಆರ್ ಅಂದ್ರ ಹೆಚ್ಚಾಗಿ ಯೂರಿಯಾ ಅಂಟು, ಬಿಡಬ್ಲ್ಯೂಆರ್ ಅಂದ್ರ ಹೆಚ್ಚಾಗಿ ಫೀನಾಲು. ಫೀನಾಲಿನ ಪ್ಲೈವುಡ್ ಅಂಚಿನ್ಯಾಗ ಪದರಿನ ನಡುವ ಕಪ್ಪು ಕಂದು ಗೆರಿ ಕಾಣ್ತದ, ಆದ್ರ ಬಣ್ಣ ಕಲಸಿನೂ ಗೆರಿ ತರಬಹುದು, ಕಣ್ಣಿಗೆ ಕಂಡದ್ದನ್ನ ಪೂರ್ತಿ ನಂಬಬ್ಯಾಡ್ರಿ. "ಸೋಯಾ ಅಂಟಿಂದು ತರಸಿ ಕೊಡ್ತೀರೇನು?" ಅಂತ ಕೇಳೇ ಕೇಳ್ರಿ. ಇಲ್ಲ ಅಂತಾರ. ಹತ್ತು ಮಂದಿ ಕೇಳಿದ್ರ ಹನ್ನೊಂದನೇದವ್ರಿಗೆ ಡೀಲರಿಗೆ ಫೋನ್ ಹಚ್ಚತಾರ. ಗಿರಾಕಿ ಬಾಯಿ ಮುಚ್ಚಿಕೊಂಡ್ರ ವ್ಯಾಪಾರಿ ಯಾಕ ತರ್ತಾನ?

ಹಲಗಿಯ ಎಲ್ಲಾ ಅಂಚಿಗೂ, ಹಿಂದಿನ ಮೈಗೂ, ತೂತು ಕೊರೆದ ಜಾಗಾಕ್ಕೂ ಪಟ್ಟಿ, ಮೈಕಾ ಹಚ್ಚಿಸ್ರಿ. ಮುಂದ ಚಂದ ಕಂಡು ಹಿಂದ ಬರಿ ಹಲಗಿ ಬಿಟ್ರ ಗಾಳಿ ಅಲ್ಲಿಂದ ಬರ್ತದ. ಗೃಹಪ್ರವೇಶದ ಹಿಂದಿನ ದಿನ ಕಪಾಟು ಕೂಡಿಸಿ ಮರುದಿನ ಬಾಣಂತಿ, ಕೂಸಿನ್ನ ಕರಕೊಂಡು ಬರಬ್ಯಾಡ್ರಿ. ಕೆಲವು ವಾರ ಬಾಗಲಾ, ಡ್ರಾವರ್ ಎಲ್ಲಾ ತೆರದು ಕಿಡಕಿ ಬಿಡ್ರಿ, ಅದೂ ಮಳಿಗಾಲದಾಗ ಅಲ್ಲ, ಬಿಸಲಿದ್ದಾಗ.

ಇನ್ನ ಅಡಗಿ ಮನಿ ಸಿಂಕಿನ ಕೆಳಗ. ಅಲ್ಲೆ ದಿನಾ ನೀರು ಸೋರ್ತದ, ಜಿರಳಿ ಓಡಾಡ್ತಾವ, ನಾನ ಸೋಯಾ ಅಂಟಿನ ಹಲಗಿ ಸುದ್ಧಾ ಹಾಕಸೂದಿಲ್ಲ. ಅಲ್ಲಿ ಕಡಪಾ ಕಲ್ಲಿನ ಕಟ್ಟಿ ಕಟ್ಟಿಸಿ, ಒಂದು ಅಲ್ಯೂಮಿನಿಯಂ ಬಾಗಲಾ ಹಚ್ಚಿಸಿ ಬಿಡ್ರಿ.